ಕಿಟಕಿಯಿಲ್ಲದ ಕ್ಯಾಬಿನ್

ಹಡಗಿಳಿದು ಹದಿನಾಲ್ಕು ದಿನ.
ಸೌತಾಂಪ್ಟನ್ನಿನಲ್ಲಿ ನನ್ನ ಅಡುಗೆಮನೆಯ ನೆಲ
ಇನ್ನೂ ತೂಗುತ್ತಿದೆ.
ಹಾಲು ಉಕ್ಕುವ ಹೊತ್ತಿಗೆ ಕಾಲು ತಾನೇ ಅಗಲವಾಗುತ್ತದೆ.
ಹೋಗುತ್ತೆ ಬಿಡಿ, ಎಂದರು ಡಾಕ್ಟರು,
ಕಿವಿಯೊಳಗಿನ ನೀರು ಇನ್ನೂ ಮನೆ ಸೇರಿಲ್ಲ, ಅಷ್ಟೆ.

ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಸಿದವಳು ನಾನು.
ರಕ್ತಕ್ಕೆ ತಣ್ಣೀರು, ಮಿಕ್ಕಿದ್ದಕ್ಕೆಲ್ಲ ಕುದಿನೀರು.
ನಿವೃತ್ತಿಯ ದುಡ್ಡಲ್ಲಿ ಮಾಡು ರಿಪೇರಿ ಮಾಡಿಸು ಎಂದರು.
ನಾನು ಹೋಗಿ ದಕ್ಷಿಣ ಅಮೆರಿಕ ಕೊಂಡೆ,
ಅದರ ಅಂಚು ಮಾತ್ರ,
ಸೀರೆಗೆ ಸಾಲದೆ ಬರೀ ಜರಿ ಕೊಂಡ ಹಾಗೆ.

ಅಗ್ಗದ ಕ್ಯಾಬಿನ್ನು. ಕಿಟಕಿ ಇಲ್ಲ.
ಬದಲಿಗೆ ಟೀವಿಯಲ್ಲೊಂದು ಚಾನೆಲ್ಲು:
ಹಡಗಿನ ಮೂತಿಗೆ ಕಟ್ಟಿದ ಕ್ಯಾಮೆರಾ,
ಹಗಲೂ ರಾತ್ರಿ ಕಡಲು, ಕಡಲು.
ಸಿನಿಮಾ ಈಗ ಶುರುವಾದೀತು ಎಂಬಂತೆ
ನೋಡುತ್ತ ನೋಡುತ್ತ ನಿದ್ದೆ ಹೋಗುತ್ತಿದ್ದೆ.

ಮೇಲಿನ ಅಂತಸ್ತಿನಲ್ಲಿ ಐಸಿನ ಹಂಸ,
ಪಿಟೀಲು, ಒಬ್ಬೊಬ್ಬರ ಮುಂದೂ ಏಳು ಚಮಚ.
ನಾನು ಮೇಜುಬಟ್ಟೆಯ ಅಂಚು ಮಗುಚಿ ಹೊಲಿಗೆ ನೋಡಿದೆ.
ಎದುರಿನ ಮಿಸೆಸ್ ಪ್ರಿಚರ್ಡ್ ಏನೋ ಬಿತ್ತೇ ಎಂದಳು.
ಅಪ್ಪಟ ಹತ್ತಿ. ಬೆರಳಲ್ಲಿ ತಿಕ್ಕಿಯೇ
ನೂಲಿನ ನಂಬರು ಹೇಳುತ್ತಿದ್ದ ನಮ್ಮಪ್ಪ,
ದಾವಣಗೆರೆಯ ಮಿಲ್ಲಿನಲ್ಲಿ.

ಐದನೆಯ ದಿನ, ಹಾಸಿಗೆಯ ಮೂಲೆ ಸರಿಯಿಲ್ಲವೆಂದು
ಒಬ್ಬಳೇ ಗೊಣಗುತ್ತಿದ್ದೆ.
ಬಾಗಿಲಲ್ಲಿ ಟವೆಲ್ಲು ಹೊತ್ತ ಹುಡುಗ:
"ಯಾವ ಮೂಲೆ, ಅಕ್ಕೋರೇ?"

ಉಲ್ಲಾಸ ಹರಿಕಂತ್ರ. ಅಂಕೋಲೆ ಹತ್ತಿರ ಕೇಣಿ.
ಎದೆಯ ಬಿಲ್ಲೆಯಲ್ಲಿ ಬರೀ 'ಉಲ್ಲಿ'.
"ಅಜ್ಜಂದು ಬಲೆ, ಅಪ್ಪಂದು ಟ್ರಾಲರು, ನಂದು ಟವೆಲ್ಲು."
ದಿನಾ ಸಂಜೆ ನನ್ನ ಮಂಚದ ಮೇಲೆ ಅದರದೊಂದು ಪ್ರಾಣಿ:
ಆನೆ, ಬಾತು, ಮಂಗ, ಕಂಪನಿ ಕಲಿಸಿದ್ದು.
ನಾನು ಅವನಿಗೆ ಆಸ್ಪತ್ರೆ ಮಡಿಕೆ ಕಲಿಸಿದೆ.
ಮಾರನೆಯ ದಿನ ದಿಂಬಿನ ಮೇಲೆ ಏಡಿ.
ಅದು ಅವನದೇ.

ವಾಲ್ಪರೈಸೊದಲ್ಲಿ ಎಂಟು ತಾಸು ನಿಲ್ಲುವುದಿತ್ತು.
"ಆರು ಸಲ ಬಂದೆ. ಕಾಲಿಟ್ಟಿಲ್ಲ.
ಹೆಂಗಿದೆ, ನೋಡಿ ಬಂದು ಹೇಳಿ."
ಇಬ್ಬರಿಗಾಗುವಷ್ಟು ನೋಡಿದೆ.
ಮೆಟ್ಟಿಲು ಎಣಿಸಿದೆ, ನೂರ ಅರವತ್ತೆರಡು.
ಹಳದಿ ಗೋಡೆಗೆ ನೀಲಿ ಬಾಗಿಲು,
ಯಾರದೂ ಅಲ್ಲದ ನಾಯಿಗಳು ಎಲ್ಲರ ಹಿಂದೆ.
ಮೀನು ಹೆಚ್ಚುವ ಹೆಂಗಸಿನ ಮುಂದೆ, ಲಿಂಗಾಯತರ ಮಗಳು ನಾನು,
ಮೂಗು ಮುಚ್ಚದೆ ನಿಂತು ಪೂರಾ ವಾಸನೆ ಹಿಡಿದೆ.
ಬಂದು ಎಲ್ಲ ಒಪ್ಪಿಸಿದೆ.
ಹಾಸು ಕೊಡವುತ್ತ ಕೇಳಿದ. ಕೊನೆಗೆ:
"ಮೀನು ಯಾವ್ದು?"

"ಬೆಳ್ಳಗಿತ್ತು" ಎಂದೆ.
"ಕೊಯ್ದ ಮೇಲೆ ಎಲ್ಲಾ ಬೆಳ್ಳಗೇ, ಅಕ್ಕೋರೇ."

ಭೂಮಿಯ ಆ ತುದಿಯಲ್ಲಿ ಹಿಮದ ಗೋಡೆಯೊಂದು
ಕಳಚಿ ನೀರಿಗೆ ಬಿತ್ತು. ಡೆಕ್ಕಿನ ತುಂಬ ಚಪ್ಪಾಳೆ.
ಮಫ್ಲರು ಮರೆತೆನೆಂದು ಕೆಳಗಿಳಿದರೆ
ಅವನು ನನ್ನ ಟೀವಿ ಒರೆಸುತ್ತಿದ್ದ,
ಒರೆಸಿದ ಜಾಗವನ್ನೇ ಮತ್ತೆ ಮತ್ತೆ.
ಮಫ್ಲರು ಬಿಟ್ಟು ಹೊರಬಂದೆ.

ಇವತ್ತು ಶನಿವಾರ. ನಾರ್ವೆಗೆ ಹೋಗಿ ಬಂದ ಹಡಗು
ಮತ್ತೆ ಹೊರಟಿತು. ಮೇಫ್ಲವರ್ ಪಾರ್ಕಿನ ಕಟಕಟೆ ಹಿಡಿದು ನಿಂತೆ.
ಬಾಲ್ಕನಿಗಳೆಲ್ಲ ಕೈ ಬೀಸಿದವು.
ನಾನು ಬೀಸಿದ್ದು ಕೆಳಗೆ, ನೀರಿನ ಗೆರೆಯ ಬಳಿ,
ತೂತೊಂದೂ ಇಲ್ಲದ ಕಬ್ಬಿಣಕ್ಕೆ.
"ನಿಮ್ಮವರು ಯಾರಾದರೂ?" ಎಂದ ನಾಯಿ ಹಿಡಿದ ಮುದುಕ.
ಇಂಗ್ಲಿಷಿನಲ್ಲಿ ಅದಕ್ಕೆ ಉತ್ತರ ಸಿಗಲಿಲ್ಲ.

ಬಸ್ಸಿಳಿದು ಶರ್ಲಿಯ ಮೀನಂಗಡಿಗೆ ಹೊಕ್ಕೆ, ಮೊದಲ ಸಲ.
ಚೀಟಿಗಳನ್ನು ಒಂದೊಂದಾಗಿ ಓದಿದೆ:
ಕಾಡ್, ಹ್ಯಾಡಕ್, ಪ್ಲೇಸ್, ಹೇಕ್.
ಕೊನೆಯದರ ಬಾಯಿ ಎಲ್ಲೋ ಕಂಡ ಬಾಯಿ.
ಯಾವುದು ಕೊಡಲಿ, ಎಂದ ಅಂಗಡಿಯವ.
ನೆಲ ಒಂದಿಷ್ಟು ತೂಗಿತು.
ಕಾಲು ಅಗಲಿಸಿ ನಿಂತೆ.